ರಾಹೇಲಳ ಮಗಳಿಗೆ ಅತ್ತ ಬೋರಮ್ಮ

ಚನ್ನಪಟ್ಟಣದ ಸುತ್ತಿನ ಹತ್ತು ಹಳ್ಳಿಗಳಲ್ಲಿ ಯಾರು ಸತ್ತರೂ ಮೊದಲು ಗಾಡಿ ಹೋಗುತ್ತಿದ್ದುದು ಬೋರಮ್ಮನ ಮನೆಗೆ. ಹಾಡಿಕೊಂಡು ಅಳುವುದು ಅವಳ ಕಸುಬು. ಹಾಗೆಂದು ಸುಮ್ಮನೆ ಬಾಯಿ ಬಿಡುವ ಹೆಂಗಸಲ್ಲ. ಸತ್ತವರು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರು, ಯಾರೊಡನೆ ಜಗಳವಾಡುತ್ತಿದ್ದರು, ಯಾವ ದನ ಅವರ ಮಾತು ಕೇಳುತ್ತಿತ್ತು, ಎಲ್ಲ ವಿಚಾರಿಸಿಕೊಂಡೇ ಹೆಣದ ಮುಂದೆ ಕೂರುತ್ತಿದ್ದಳು. ಒಬ್ಬ ಜಿಪುಣ ಮುದುಕನಿಗೆ ಅವಳು ಅತ್ತದ್ದನ್ನು ಕೇಳಿ, ಅವನು ಯಾವಾಗ ಹೋಗುತ್ತಾನೋ ಎಂದು ಕಾದಿದ್ದ ಸೊಸೆಯರೇ ಎದೆ ಬಡಿದುಕೊಂಡರಂತೆ.

ಪ್ಲೇಗು ಬಂದ ವರ್ಷ ಸರ್ಕಾರದವರು ಊರು ಖಾಲಿ ಮಾಡಿಸಿ ನಮ್ಮವರನ್ನೆಲ್ಲ ಹೊಲದ ನಡುವಿನ ಗುಡಿಸಲುಗಳಿಗೆ ಅಟ್ಟಿದರು. ಅದೇ ವಾರ ಬೋರಮ್ಮನ ಒಬ್ಬಳೇ ಮಗಳು ಮಾಯಮ್ಮ ತೀರಿಕೊಂಡಳು. ಜನ ಸೇರಕೂಡದೆಂದು ನಾಲ್ವರು ಗಂಡಸರು ಅವಸರದಲ್ಲಿ ಮಣ್ಣು ಮಾಡಿ ಬಂದರು. ಊರಿಗೆಲ್ಲ ಅತ್ತವಳಿಗೆ ತನ್ನ ಮಗಳಿಗೆ ಅಳಲು ರಾಗವೇ ಏಳಲಿಲ್ಲ. "ಸಮಾಧಾನ ಮಾಡ್ಕೊ ಬೋರಮ್ಮ" ಎಂದು ದಿನಕ್ಕೆ ಹತ್ತು ಜನ ಹೇಳುತ್ತಿದ್ದರು. ಹೀಗೆ ಸಮಾಧಾನ ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗಾಗದು.

ತಿಂಗಳ ಮೇಲೆ, ಕಾಯಿಲೆ ಇಳಿದಾಗ, ಕ್ರೈಸ್ತ ಮಿಷನ್ನಿನ ಉಪದೇಶಿ ಅರುಳಪ್ಪ ಕೊಡೆ ಹಿಡಿದು ಗುಡಿಸಲುಗಳತ್ತ ಬಂದು ಜನರನ್ನು ಕೂರಿಸಿಕೊಂಡ. ದೂರದೇಶದ ಜನರನ್ನು ಶತ್ರುಗಳು ಊರು ಬಿಡಿಸಿ ಹಿಡಿದೊಯ್ದ ಕಥೆಯನ್ನು ಪ್ರವಾದಿಯ ಗ್ರಂಥದಿಂದ ಓದತೊಡಗಿದ. ಗೋಳಾಡುವ ಹೆಂಗಸರನ್ನು ಕರೆಸಲು ದೇವರೇ ಹೇಳಿದನೆಂದು ಓದಿದ್ದೇ ತಡ, ಮೂಲೆಯಲ್ಲಿದ್ದ ಬೋರಮ್ಮ ಎದ್ದು ಬಂದಳು.

"ಗಾಡಿ ಕಳಿಸ್ತಾರಾ?"

"ಅದು ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ತಾಯಿ."

"ಹೋಗ್ಲಿ. ಯಾರು ಸತ್ತಿರಾದು?"

"ಊರೇ ಹಾಳಾಯ್ತು. ಜನಾನೆಲ್ಲ ಬಾಬೆಲ್ ಅನ್ನೋ ದೇಶಕ್ಕೆ ಎಳ್ಕೊಂಡು ಹೋದ್ರು. ರಾಹೇಲ ಅನ್ನೋ ತಾಯಿ ಮಕ್ಕಳಿಗೋಸ್ಕರ ಅಳ್ತಾಳೆ. ಸಮಾಧಾನ ಬೇಡ ಅಂತಾಳೆ."

ಬೋರಮ್ಮ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದಳು. "ಕೇಳುದ್ರಾ? ಬ್ಯಾಡ ಅಂದ್ಳಂತೆ. ಪುಸ್ತಕದಾಗೇ ಐತೆ." ಆಮೇಲೆ ಅರುಳಪ್ಪನತ್ತ ತಿರುಗಿದಳು. "ಆ ಮಕ್ಕಳು ಏನ್ ತಿಂತಿದ್ವು?"

ಅರುಳಪ್ಪ ಪುಟ ತಿರುವಿ ನೋಡಿದ. "ಬರೆದಿಲ್ಲ."

"ಎಂಥಾ ಪುಸ್ತಕ ಕಣಪ್ಪ. ಏನೂ ಬರೀದೆ ಅಳಿ ಅಂದ್ರೆ ಯಾರು ಅತ್ತಾರು?"

ಪಾಪ, ಅರುಳಪ್ಪ ಮುಂದಿನ ಸಾಲಿಗೆ ಹಾರಿ, ಅಳು ಸಾಕು, ನಿನ್ನ ಮಕ್ಕಳು ತಿರುಗಿ ಬರುತ್ತಾರೆ ಎಂದು ಓದಲು ಹೊರಟ. ಬೋರಮ್ಮ ಪುಟದ ಮೇಲೆ ಅಂಗೈ ಇಟ್ಟಳು.

"ಒಸಿ ತಡೀರಿ ಸ್ವಾಮಿ. ಆಯಮ್ಮ ಇನ್ನೂ ಸರಿಯಾಗಿ ಅತ್ತೇ ಇಲ್ಲ, ಆಗ್ಲೇ ಸಾಕು ಅಂತೀರಲ್ಲ. ಪುಸ್ತಕದಾಗಿಲ್ದಿದ್ರೆ ನಾನೇ ಸೇರಿಸ್ಕೊಂಡು ಅಳ್ತೀನಿ."

ಅಲ್ಲೇ ಕೂತು ರಾಗ ಎತ್ತಿದಳು. ರಾಹೇಲಳ ಮಗಳು ಹಸಿ ಅವರೆಕಾಳು ಕದ್ದು ತಿನ್ನುತ್ತಿದ್ದಳು. ರಾಹೇಲಳ ಮಗಳಿಗೆ ಹಲ್ಲಿ ಕಂಡರೆ ಭಯ. ಮನೆಯ ಕುಂಟೆಮ್ಮೆ ಅವಳು ಕೂತರೆ ಮಾತ್ರ ಹಾಲು ಕೊಡುತ್ತಿತ್ತು. ಆ ದೇಶದಲ್ಲಿ ಎಮ್ಮೆ ಇದ್ದವೋ ಇಲ್ಲವೋ, ಅರುಳಪ್ಪ ತಿದ್ದಲು ಹೋಗಲಿಲ್ಲ. ಕುಂಟೆಮ್ಮೆ ಯಾರ ಮನೆಯದೆಂದು ಉಳಿದವರಿಗೆಲ್ಲ ಗೊತ್ತಿತ್ತು. ಸಮಾಧಾನ ಹೇಳುತ್ತಿದ್ದ ಹತ್ತೂ ಜನ ಬಿಕ್ಕಿ ಬಿಕ್ಕಿ ಅತ್ತರು. ನಮ್ಮಜ್ಜಿ ಅವರಲ್ಲೊಬ್ಬಳು.

ಹೊತ್ತು ಇಳಿದಾಗ ಬೋರಮ್ಮ ಮೂಗು ಒರೆಸಿಕೊಂಡಳು.

"ಇನ್ನು ಓದಿ ಸ್ವಾಮಿ. ಮಕ್ಕಳು ಬತ್ತವೆ ಅಂತ ಐತಲ್ಲ, ಅದ್ನ."

ಅರುಳಪ್ಪ ಪುಸ್ತಕ ಎತ್ತಿಕೊಂಡ. ಎರಡು ಸಲ ಕಣ್ಣೊರೆಸಿಕೊಂಡರೂ ಅವನಿಗೆ ಅಕ್ಷರ ಕಾಣಿಸಲಿಲ್ಲ. ಬೋರಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಆಗ್ಲಿ ಬುಡಿ, ನೀವೂ ಅಳಿ. ನಾಳಿಕ್ಕೆ ಓದೀರಂತೆ."