ಗಾಗ್ರಾಕ್ಕೆ ಬರೆದ ಕೊನೆಯ ಟಿಕೆಟ್

ಆಯ್ರುಮ್ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಬರೆದವಳು ನಾನು. ಅಷ್ಟರಲ್ಲಿ ಒಂದೇ ಒಂದು ಟಿಕೆಟ್ ಇವತ್ತಿಗೂ ನನ್ನನ್ನು ಕಾಡುತ್ತದೆ. ೧೯೯೨ರ ಆಗಸ್ಟ್ ಹನ್ನೊಂದು, ಆಯ್ರುಮ್‌ನಿಂದ ಗಾಗ್ರಾಕ್ಕೆ, ಕೆಳಗಿನ ಬರ್ತ್, ಹೆಸರು ಹಾಯ್ಕಾನುಶ್. ನಮ್ಮ ಸ್ಟೇಷನ್ನಿನ ಹಮಾಯಾಕ್‌ನ ಅಕ್ಕ. ಅಪ್ಪನ ನಲವತ್ತನೇ ದಿನದ ಕಾರ್ಯಕ್ಕೆಂದು ಗಂಡನ ಊರಿನಿಂದ ಬಂದಿದ್ದಳು.

"ಇನ್ನೊಂದು ವಾರ ಇರಕ್ಕ," ಎಂದು ಹಮಾಯಾಕ್ ನನ್ನ ಕಿಟಕಿಯ ಮುಂದೆಯೇ ಗೋಗರೆದ.

"ಅಂಜೂರ ಹಣ್ಣಾಗಿದೆ ಕಣೋ, ಹಕ್ಕಿ ಪಾಲಾಗುತ್ತೆ. ಮುಂದಿನ ವರ್ಷ ನೀನೇ ಬಾ."

ನಾನು ಸುಮ್ಮನಿರಬಾರದಿತ್ತೇ? "ಕಳಿಸೋ ಮಹರಾಯ, ಒಂದು ದಿನದ ದಾರಿ, ಅಮೆರಿಕಾ ಅಲ್ಲ," ಎಂದು ಟಿಕೆಟ್ ಕೈಗಿತ್ತೆ. ಅವಳು ಮನೆ ಸೇರಿದ ಎರಡನೇ ದಿನ ಗಾಗ್ರಾ ಇರುವ ಅಬ್ಖಾಜಿಯಾದಲ್ಲಿ, ಆಗ ಜಾರ್ಜಿಯಾದ ಕೈಯಲ್ಲಿದ್ದ ಕಡಲ ತೀರದ ನಾಡಿನಲ್ಲಿ, ಯುದ್ಧ ಹತ್ತಿಕೊಂಡಿತು. ಲೈನು ನಿಂತಿತು. ಜಾರ್ಜಿಯಾದವರು ಆ ನಾಡನ್ನೇ ಕಳೆದುಕೊಂಡರು. ಆ ದಾರಿಯಲ್ಲಿ ಮತ್ತೆ ರೈಲು ಹೋಗಲಿಲ್ಲ.

ಹಮಾಯಾಕ್‌ನ ಕೆಲಸ ಚಕ್ರ ನೋಡುವುದು. ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಡಿಯ ಪಕ್ಕದಲ್ಲೇ ನಡೆಯುತ್ತ ಒಂದೊಂದು ಚಕ್ರಕ್ಕೂ ಬಡಿದು ಕಿವಿಗೊಡುತ್ತಿದ್ದ. ಸದ್ದು ಒಡೆದು ಬಂದರೆ ಚಕ್ರದಲ್ಲಿ ಬಿರುಕಿದೆ ಎಂದರ್ಥ. ನಮ್ಮ ಕಡೆಯ ಕೊನೆಯ ಸ್ಟೇಷನ್ ನಮ್ಮದು, ದಾಟಿದರೆ ಜಾರ್ಜಿಯಾ. ಎರಡು ಪಕ್ಕದ ಗಡಿಗಳೂ ಮುಚ್ಚಿರುವ ದೇಶ ನಮ್ಮದು. ಗೋಧಿ, ಪೆಟ್ರೋಲು, ಸಕ್ಕರೆ ಎಲ್ಲವೂ ಜಾರ್ಜಿಯಾದವರ ಅಂಗಳ ಹಾದೇ ಬರಬೇಕು. ಬಾಡಿಗೆ ಎಷ್ಟೆಂದು ಅವರು ಹೇಳುತ್ತಾರೆ, ನಾವು ಹಲ್ಲು ಕಚ್ಚಿಕೊಂಡು ಕೊಡುತ್ತೇವೆ.

ಆ ಕಡೆಯಿಂದ ವ್ಯಾಗನ್ ಒಪ್ಪಿಸಲು, ನಮ್ಮವನ್ನು ಒಪ್ಪಿಸಿಕೊಳ್ಳಲು ಬರುತ್ತಿದ್ದವನು ಗುರಾಮ್. ಅವನೂ ಗಾಗ್ರಾದವನೇ. ಯುದ್ಧದಲ್ಲಿ ಅಲ್ಲಿನ ಜಾರ್ಜಿಯನ್ನರನ್ನೆಲ್ಲ ಓಡಿಸಿದಾಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಉಟ್ಟ ಬಟ್ಟೆಯಲ್ಲಿ ಬಂದು, ಗಡಿಯಾಚೆಯ ಮರ್ನೆಉಲಿಯ ರೈಲ್ವೆ ಹಾಸ್ಟೆಲಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದ್ದ. ಅವನಿಗೂ ಹಮಾಯಾಕ್‌ಗೂ ನಡುವೆ ಹರಕುಮುರುಕು ರಷ್ಯನ್, ಬಾಯಿ ತುಂಬ ಜಗಳ.

"ನಿಮ್ಮೋರು ಬಿಟ್ರೆ ಚಂದ್ರನ್ನೂ ನಮ್ಮ ತಾತನ ಆಸ್ತಿ ಅಂತಾರೆ," ಎನ್ನುತ್ತಿದ್ದ ಗುರಾಮ್.

"ನಿಮ್ಮೋರು ಅದನ್ನೂ ಅಡವಿಟ್ಟು ಊಟ ಹಾಕಿಸ್ತಾರೆ," ಎನ್ನುತ್ತಿದ್ದ ಹಮಾಯಾಕ್.

೨೦೦೮ರಲ್ಲಿ ರಷ್ಯಾದ ವಿಮಾನಗಳು ಜಾರ್ಜಿಯಾದ ಮೇಲೆ ಬಾಂಬ್ ಹಾಕಿದಾಗಲೂ ಇವರಿಬ್ಬರ ಮಾತು ಕೆಡಲಿಲ್ಲ. ಆ ರಷ್ಯಾದ ಸೈನ್ಯವೇ ನಮ್ಮ ಊರುಗಳಲ್ಲಿ ಬೀಡುಬಿಟ್ಟಿತ್ತು. "ನಿನ್ನ ಮನೇಲಿ ಊಟ ಮಾಡಿ ನನ್ನ ಮನೆಗೆ ಕಲ್ಲು ಹೊಡೀತಾನಲ್ಲೋ," ಎಂದ ಗುರಾಮ್. "ಅವನು ಎದ್ದು ಹೋದ್ರೆ ನನ್ನ ಮನೆಗೆ ಕಲ್ಲು ಹೊಡೆಯೋರು ಬೇರೆ ಇದಾರಲ್ಲೋ," ಎಂದ ಹಮಾಯಾಕ್. ಇಬ್ಬರೂ ಒಂದೇ ಬೆಂಕಿಪೊಟ್ಟಣದಿಂದ ಸಿಗರೇಟು ಹಚ್ಚಿಕೊಂಡರು.

ಇವರಿಬ್ಬರನ್ನು ಕಟ್ಟಿಹಾಕಿದ್ದು ಒಂದು ಸಮಾಧಿ. ಗುರಾಮ್‌ನ ತಾಯಿ ತೀರಿಕೊಂಡದ್ದು ಯುದ್ಧದ ಹಿಂದಿನ ಚಳಿಗಾಲದಲ್ಲಿ. ವರ್ಷ ತುಂಬಿದ ಮೇಲೆ ಕಲ್ಲು ನಿಲ್ಲಿಸುವುದೆಂದಿದ್ದರು, ಅಷ್ಟರಲ್ಲಿ ಊರೇ ಹೋಯಿತು. ಮಣ್ಣಿನ ದಿಬ್ಬ, ಒಂದು ಮರದ ಶಿಲುಬೆ, ಸುತ್ತ ಮೊಣಕಾಲೆತ್ತರದ ಕಬ್ಬಿಣದ ಬೇಲಿ. ಹಮಾಯಾಕ್ ಅಕ್ಕನಿಗೆ ಹೇಳಿ ಕಳಿಸಿದ. ಅಂದಿನಿಂದ ಪ್ರತಿ ಈಸ್ಟರ್‌ಗೆ ಹಾಯ್ಕಾನುಶ್ ಹೋಗಿ ಕಳೆ ಕಿತ್ತು, ಬೇಲಿಗೆ ನೀಲಿ ಬಣ್ಣ ಬಳಿದು, ಹಬ್ಬದ ಕೆಂಪು ಬಣ್ಣದ ಮೊಟ್ಟೆ ಇಟ್ಟು ಬರುತ್ತಿದ್ದಳು. ಗಾಗ್ರಾಕ್ಕೆ ಹತ್ತಿರದ ರಷ್ಯಾದ ಊರು ಸೋಚಿಗೆ ಹೋಗಿಬರುವವರ ಕೈಯಲ್ಲಿ ಫೋಟೋ ಬರುತ್ತಿತ್ತು. ಗುರಾಮ್ ಅದನ್ನು ನನ್ನ ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿ, ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದ.

ಹಮಾಯಾಕ್‌ಗೆ ಬೇಕಿದ್ದದ್ದು ಒಂದೇ, ಅಕ್ಕನ ಮುಖ ನೋಡಬೇಕು. ಮೊದಲು ಯುದ್ಧ ಅಡ್ಡ ಬಂತು, ಆಮೇಲೆ ಬಡತನ, ಕೊನೆಗೆ ಕಾನೂನು. ರಷ್ಯಾದ ಕಡೆಯಿಂದ ಅಬ್ಖಾಜಿಯಾಕ್ಕೆ ಕಾಲಿಟ್ಟರೆ ಜಾರ್ಜಿಯಾದಲ್ಲಿ ಅದು ಅಪರಾಧ. ದಿನ ಬೆಳಗಾದರೆ ಅವರ ಗಡಿ ತುಳಿಯುವ ರೈಲ್ವೆ ನೌಕರ ಹೋಗುವುದಾದರೂ ಹೇಗೆ? "ಲೈನು ತೆರೀಲಿ, ಮೊದಲನೇ ಗಾಡೀಲಿ ಹೋಗ್ತೀನಿ. ಟಿಕೆಟ್ ನೀನೇ ಬರೀಬೇಕು ಅರೂಸ್ಯಾಕ್," ಎನ್ನುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಇನ್ನೇನು ಹೇಳಲಿ?

೨೦೧೩ರ ಜನವರಿ. ಜಾರ್ಜಿಯಾದಲ್ಲಿ ಹೊಸ ಸರ್ಕಾರ ಬಂದಿತ್ತು, ಅಬ್ಖಾಜಿಯಾದ ಲೈನು ತೆರೆಯಬಹುದೆಂಬ ಮಾತು ಎದ್ದಿತ್ತು. ನಮ್ಮ ಪೇಟೆಯಲ್ಲಿ ಹಬ್ಬದ ಕಳೆ. ರಷ್ಯಾದ ಗೋಧಿ ನೇರ ರೈಲಿನಲ್ಲೇ ಬರುತ್ತದೆ, ಹಿಟ್ಟಿನ ಬೆಲೆ ಇಳಿಯುತ್ತದೆ, ಜಾರ್ಜಿಯಾದ ಬಂದರುಗಳ ಹಂಗು ತಪ್ಪುತ್ತದೆ ಎಂದು ಎಲ್ಲರ ಬಾಯಲ್ಲೂ ಅದೇ. ಹಮಾಯಾಕ್ ಹೊಸ ಕೋಟು ಹೊಲಿಸಿದ.

ಅದೇ ವಾರ ಗುರಾಮ್ ಮೊಮ್ಮಗಳ ನಾಮಕರಣಕ್ಕೆ ನಮ್ಮಿಬ್ಬರನ್ನೂ ಕರೆದ. ಹಾಸ್ಟೆಲಿನ ಓಣಿಯಲ್ಲಿ ಉದ್ದಕ್ಕೂ ಮೇಜು, ಅವನ ಊರಿನಿಂದ ಓಡಿಬಂದವರೇ ಮೂವತ್ತು ಜನ. ಜಾರ್ಜಿಯಾದವರ ಪಂಕ್ತಿಯಲ್ಲಿ ಒಬ್ಬ ಯಜಮಾನನಿರುತ್ತಾನೆ. ಅವನು ಹಾರೈಕೆಯ ಮಾತು ಹೇಳಿ ವೈನ್ ಎತ್ತಬೇಕು, ಅತಿಥಿ ಅದನ್ನು ಮುಂದುವರಿಸಬೇಕು, ಎಲ್ಲರೂ ಕುಡಿಯಬೇಕು. ಕುಡಿಯದಿದ್ದರೆ ಆಡಿದವನಿಗೆ ಅವಮಾನ. ಯಜಮಾನ ನೆರೆಹೊರೆಯವರ ಹೆಸರಿನಲ್ಲಿ ವೈನ್ ಎತ್ತಿ ಹಮಾಯಾಕ್‌ನತ್ತ ಕೈ ತೋರಿಸಿದ.

ಹಮಾಯಾಕ್ ಎದ್ದ. ಕಣ್ಣು ತುಂಬಿತ್ತು, ಬುದ್ಧಿ ಎಲ್ಲಿತ್ತೋ. "ಈ ಬೇಸಿಗೆಗೆ ಆ ಲೈನು ತೆರೀಲಿ. ನಾನು ನನ್ನ ಅಕ್ಕನ್ನ ನೋಡೋ ಹಾಗಾಗಲಿ," ಎಂದ.

ಎತ್ತಿದ್ದ ಲೋಟಗಳು ಒಂದೊಂದಾಗಿ ಮೇಜಿಗಿಳಿದವು. ನಾನು ಅವನ ಕೋಟಿನ ತುದಿ ಎಳೆದೆ, ಅಷ್ಟು ಹೊತ್ತಿಗೆ ಆಗಿಹೋಗಿತ್ತು. ಗುರಾಮ್ ನಿಧಾನವಾಗಿ ತನ್ನ ವೈನನ್ನು ಜಗ್ಗಿಗೆ ವಾಪಸು ಸುರಿದ. ಪಕ್ಕದಲ್ಲಿ ಹುಡುಗರು ಬಾಯಾರಿಕೆಗೆಂದು ಕುಡಿಯುತ್ತಿದ್ದ ಬಿಯರ್ ಬಾಟಲಿ ಎಳೆದುಕೊಂಡು ಲೋಟ ತುಂಬಿಸಿದ. ಅವರಲ್ಲಿ ವೈನ್ ಎತ್ತುವುದು ನೆಂಟರಿಷ್ಟರಿಗೆ. ಬಿಯರ್ ಎತ್ತಿದರೆ ಅದು ಶತ್ರುವಿನ ಹೆಸರಿನಲ್ಲಿ.

"ಆ ರೈಲು ನನ್ನ ಮನೆ ಮುಂದೇನೇ ಹೋಗುತ್ತೆ ಹಮಾಯಾಕ್," ಎಂದ. ದನಿ ಏರಿರಲಿಲ್ಲ. "ನಿನ್ನ ಗೋಧಿ ಹೋಗುತ್ತೆ, ನೀನು ಹೋಗ್ತೀಯ. ನನಗೆ ಮಾತ್ರ ಇಳಿಯೋಕೆ ಬಿಡಲ್ಲ. ಹೋದದ್ದು ಹೋಯ್ತು ಅಂತ ರುಜು ಹಾಕಿ ನಾನು ಹಸಿರು ಬಾವುಟ ತೋರಿಸ್ಬೇಕಾ?" ಎಂದು ಲೋಟ ಬರಿದು ಮಾಡಿದ.

ಗುರಾಮ್‌ನದು ತಪ್ಪೆಂದು ನಾನು ಹೇಳಲಾರೆ. ಹಮಾಯಾಕ್‌ನದೂ ತಪ್ಪಲ್ಲ. ಆದರೆ ಅವಮಾನ ತಲೆಗೇರಿದ ಗಂಡಸಿಗೆ ಯಾರು ಬುದ್ಧಿ ಹೇಳಬೇಕು? ಮರುದಿನ ಸ್ಟೇಷನ್ನಿನ ಫೋನಿನಿಂದಲೇ ಅಕ್ಕನಿಗೆ ಹೇಳಿದ: "ಆ ಸಮಾಧಿ ಉಸಾಬರಿ ಇನ್ನು ಬೇಡ. ಪಾಳು ಬೀಳಲಿ." ಆ ಕಡೆ ಅಕ್ಕ ಏನೋ ಬಯ್ದಳು. "ನನ್ನಾಣೆ," ಎಂದು ಇವನು ಫೋನಿಟ್ಟ.

ಲೈನೂ ತೆರೆಯಲಿಲ್ಲ. ಮಾತೆದ್ದ ಹಾಗೆಯೇ ಅಡಗಿತು, ಹೊಸ ಕೋಟು ಕಪಾಟು ಸೇರಿತು. ಮುಂದೆ ಮೂರೂವರೆ ವರ್ಷಕ್ಕೂ ಮೇಲೆ ಇಬ್ಬರೂ ಕಾಗದಕ್ಕೆ ರುಜು ಹಾಕಿ ಬೆನ್ನು ತಿರುಗಿಸಿ ನಡೆದರು. ಫೋಟೋ ಬರುವುದು ನಿಂತದ್ದನ್ನು ಗುರಾಮ್ ಕೇಳಲಿಲ್ಲ, ಇವನು ಹೇಳಲಿಲ್ಲ.

೨೦೧೬ರ ಶರತ್ಕಾಲದಲ್ಲಿ ಹಾಯ್ಕಾನುಶ್ ತೀರಿಕೊಂಡಳು. ಮಣ್ಣು ಮಾಡಿದ ಹತ್ತು ದಿನಕ್ಕೆ ಅವಳ ಮಗ ಅರ್ತೂಶ್ ಕಳಿಸಿದ ಫೋಟೋ ಬಂತು. ಹಮಾಯಾಕ್ ಅದನ್ನು ನನ್ನ ಕಿಟಕಿಯೊಳಕ್ಕೆ ತಳ್ಳಿ, "ನೋಡು," ಎಂದ. ಹೊಸ ಮಣ್ಣಿನ ದಿಬ್ಬ. ಸುತ್ತ ಮೊಣಕಾಲೆತ್ತರದ ಕಬ್ಬಿಣದ ಬೇಲಿ, ನೀಲಿ ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು.

ಅವನು ಅಲ್ಲಿಂದಲೇ ಫೋನ್ ಮಾಡಿದ. ಅರ್ತೂಶ್‌ನ ದನಿ ನನಗೂ ಕೇಳುತ್ತಿತ್ತು. "ಸ್ಮಶಾನದಲ್ಲಿ ಬೇರೆ ಜಾಗಾನೇ ಇಲ್ಲ ಮಾಮ, ಅಮ್ಮನ್ನ ಆ ಬೇಲಿಯೊಳಗೇ ಇಟ್ವಿ. ಅದು ಪಾಳು ಬಿದ್ದಿತ್ತು, ಶಿಲುಬೆ ಕೊಳೆತುಹೋಗಿತ್ತು. ಬಿಟ್ಟುಬಿಡಿ ಅಂತ ನೀವೇ ಅಂದಿದ್ರಂತಲ್ಲ?"

ಅವನ ಎದೆ ಒಡೆದದ್ದು ಆಗಲೇ ಇರಬೇಕು. ಫೋಟೋವನ್ನು ಒಳಜೇಬಿಗೆ ಹಾಕಿ ಬೆಂಚಿನ ಮೇಲೆ ಕೂತ.

ಮಧ್ಯಾಹ್ನದ ಗೂಡ್ಸ್ ಗಾಡಿಯಲ್ಲಿ ಗುರಾಮ್ ಬಂದ. ಅಕ್ಕ ತೀರಿಕೊಂಡ ಸುದ್ದಿ ಯಾರೋ ಹೇಳಿದ್ದರು. ಕಂಕುಳಲ್ಲಿ ಮನೆಯ ವೈನಿನ ಜಗ್ಗು, ಕೈಯಲ್ಲಿ ಎರಡು ಲೋಟ. ಪಕ್ಕದಲ್ಲಿ ಕೂತು ಎರಡನ್ನೂ ತುಂಬಿಸಿದ.

"ನಿಮ್ಮಕ್ಕನಿಗೆ," ಎಂದ. "ನನ್ನವ್ವನ್ನ ನೋಡ್ಕೊಂಡ ಕೈಗೆ. ನಾನು ಅವತ್ತು ಹಾಗೆ ಮಾಡಬಾರದಿತ್ತು ಕಣೋ. ಇನ್ಮೇಲೆ ನನ್ನವ್ವನ್ನ ಯಾರು ನೋಡ್ಕೋತಾರೆ, ನಿನ್ನ ಸೋದರಳಿಯನಿಗೆ ಒಂದು ಮಾತು ಹೇಳ್ತೀಯಾ?"

ಹಮಾಯಾಕ್ ಲೋಟ ಮುಟ್ಟಲಿಲ್ಲ. ಎದ್ದು ಸ್ಟೇಷನ್ನಿನ ಅಂಗಡಿಗೆ ಹೋಗಿ ಒಂದು ಬಾಟಲಿ ಬಿಯರ್ ತಂದು, ಗುರಾಮ್‌ನ ಎದುರು ನಿಂತೇ ಮುಚ್ಚಳ ತೆಗೆದು ಗಟಗಟ ಕುಡಿದ. ಶತ್ರುವೆಂದು ಅವನು ಕುಡಿದದ್ದು ತನ್ನ ಹೆಸರಿಗೇ. ಅದು ನನಗೆ ಗೊತ್ತಿತ್ತು, ಗುರಾಮ್‌ಗೆ ಹೇಗೆ ಗೊತ್ತಾಗಬೇಕು?

ಗುರಾಮ್ ಎರಡೂ ಲೋಟದ ವೈನನ್ನು ನೆಲಕ್ಕೆ ಚೆಲ್ಲಿ, ಟೋಪಿ ಹಾಕಿಕೊಂಡು ಎಂಜಿನ್ನಿನತ್ತ ನಡೆದ. ನಾನು ಕಿಟಕಿಯಿಂದ ಕೂಗಬಹುದಿತ್ತು. ಕೂಗಿ ಏನು ಹೇಳಲಿ, ಫೋಟೋದ ವಿಷಯವೇ? ಬಾಯಿ ಮುಚ್ಚಿಕೊಂಡು ಕೂತೆ. ಹಮಾಯಾಕ್ ಸುತ್ತಿಗೆ ಎತ್ತಿಕೊಂಡು ಮೊದಲನೇ ಚಕ್ರದಿಂದ ಶುರುಮಾಡಿದ.