ಪಾಸ್ ಎಂದ ಅಪ್ಪ

ನನ್ನ ಗಂಡನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಮಾತು ಮರೆಸುತ್ತೇನೆ. ಗೊಂಬೆಯ ಉಸಿರು ನಿಲ್ಲಿಸಿ ಸಂಬಳ ತರುತ್ತಾರೆ ಎಂದು ಯಾವ ಬಾಯಲ್ಲಿ ಹೇಳುವುದು? ನಿಜಕ್ಕೂ ಅದೇ ಕೆಲಸ. ಹಸುಗೂಸುಗಳ ಉಸಿರಾಟದ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಮಾಡುವ ಕಂಪನಿ ಅದು, ಅದನ್ನು ಪರೀಕ್ಷೆ ಮಾಡುವುದು ಇವರ ಪಾಲು. ಇವರ ಮೇಜಿನ ಮೇಲೊಂದು ರಬ್ಬರ್ ಗೊಂಬೆ, ಅದರ ಎದೆಯೊಳಗೆ ಗಾಳಿಚೀಲ. ಇವರು ಪಂಪು ನಿಲ್ಲಿಸಬೇಕು, ಪರದೆಯ ಮೇಲಿನ ಉಸಿರಿನ ಅಲೆ ಚಪ್ಪಟೆಯಾಗಬೇಕು, ಅಲಾರಂ ಕೂಗಬೇಕು. ಕೂಗಿತೋ, ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿ "ಪಾಸ್!" ಎನ್ನುತ್ತಾರೆ. ದಿನವಿಡೀ ಇದೇ ರಗಳೆ. ಮನೆಯಲ್ಲಿ ಕುಕ್ಕರ್ ಕೂಗಿದರೂ "ಪಾಸ್" ಎಂದು ಒಲೆ ಆರಿಸುವ ಮನುಷ್ಯ. ಇವರ ದೆಸೆಯಿಂದ ನಾವು ತಿಂದ ಅರೆಬೆಂದ ಕಾಳು ಅಷ್ಟಿಷ್ಟಲ್ಲ.

ನಮ್ಮ ಮಗಳು ಬಲು ಅವಸರದವಳು, ದಿನ ತುಂಬುವ ಮೊದಲೇ ಹುಟ್ಟಿದಳು. ಅಂಗೈಯಗಲದ ಕೂಸು. ಆಗಾಗ ಉಸಿರಾಡುವುದನ್ನೇ ಮರೆಯುತ್ತಿದ್ದಳು. ಆ ಮರೆವು ಹೋಗುವವರೆಗೂ ಮನೆಗೆ ಕಳಿಸುವುದಿಲ್ಲ ಎಂದರು ಡಾಕ್ಟರು. ಅವಳ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಇವರ ಕಂಪನಿಯದೇ ಪರದೆ. ನಾನು ಹೆದರಿ ಪೆಟ್ಟಿಗೆಯಿಂದ ಕಣ್ಣು ಕೀಳದೆ ಕೂತಿದ್ದರೆ, ಇವರು "ಇದರ ಅಲಾರಂ ನಾನೇ ಟೆಸ್ಟ್ ಮಾಡಿದ್ದು ಸಿಸ್ಟರ್" ಎಂದು ನರ್ಸಮ್ಮನ ತಲೆ ತಿನ್ನುತ್ತಿದ್ದರು.

ಒಂದು ಬೆಳಿಗ್ಗೆ ಹಾಲು ಕುಡಿಸಿ ಮಲಗಿಸಿದ್ದೇ ತಡ, ಅಲೆ ಚಪ್ಪಟೆಯಾಯಿತು. ಅಲಾರಂ ಕೂಗಿತು. ಇವರ ಕೈ ತಾನಾಗಿ ಹೋಗಿ ಗುಂಡಿ ಒತ್ತಿತು.

"ಪಾಸ್!"

ಸದ್ದು ನಿಂತಿತು. ಮಗಳ ತುಟಿ ನೀಲಿಗಟ್ಟುತ್ತಿತ್ತು.

"ರೀ!" ಎಂದು ನಾನು ಕಿರುಚಿದೆ. ನರ್ಸಮ್ಮ ಓಡಿಬಂದು, ಇವರನ್ನು ಪಕ್ಕಕ್ಕೆ ನೂಕಿ, ಕೂಸಿನ ಅಂಗಾಲು ತಿಕ್ಕಿದರು. ಮತ್ತೆ ತಿಕ್ಕಿದರು. ಕೂಸು ಬಿಕ್ಕಿ, ಉಸಿರೆಳೆದು, ನಮ್ಮನ್ನೆಲ್ಲ ಬೈಯುವಂತೆ ಅತ್ತಿತು.

"ಏನ್ ಸಾರ್, ಬುದ್ಧಿ ಇದ್ಯಾ? ಅದು ಕೂಗೋದು ನಮ್ಮನ್ನ ಕರೆಯೋಕೆ!"

ಇವರು ಗುಂಡಿ ಒತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಆ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ.

"ಭಯಕ್ಕೆ ತಲೆನೇ ಓಡ್ಲಿಲ್ಲ ಕಣೇ, ಕೈ ಅದರ ಪಾಡಿಗೆ ಹೋಯ್ತು" ಎಂದರು. ಇವರೂ ಹೆದರಿದ್ದರೆಂದು ನನಗೆ ಗೊತ್ತಾದದ್ದೇ ಆಗ. ಅಷ್ಟು ದಿನದ ಬಡಾಯಿಯೆಲ್ಲ ಭಯವೇ.

ಕೊನೆಗೂ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ನರ್ಸಮ್ಮ ಮಗಳ ಎದೆಗೆ ಅಂಟಿಸಿದ್ದ, ಉಸಿರು ಅಳೆಯುವ ಪಟ್ಟಿ ಕಿತ್ತ ಕೂಡಲೇ ಅಲೆ ಚಪ್ಪಟೆಯಾಗಿ ಅಲಾರಂ ಬಡಿದುಕೊಳ್ಳತೊಡಗಿತು. ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಪಟ್ಟಿ ತೆಗೆದಿದ್ದಕ್ಕೆ ಕೂಗ್ತಿದೆ ಅಷ್ಟೇ. ಒತ್ತಿ ಸಾರ್, ಈಗ ಒತ್ತಬಹುದು" ಎಂದು ನರ್ಸಮ್ಮ ನಕ್ಕರು.

ಇವರು ಒತ್ತಲಿಲ್ಲ. ಬಗ್ಗಿ, ಮಗಳ ಮೂಗಿನ ಬಳಿ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು. ವಾರ್ಡಿಗೆ ವಾರ್ಡೇ ನಮ್ಮತ್ತ ತಿರುಗಿ ನೋಡುತ್ತಿತ್ತು.

"ಬರ್ತಿದೆ ಕಣೇ. ಬೆಚ್ಚಗೆ ಬರ್ತಿದೆ."

ಹಾಗೆಂದರೂ ಕೆನ್ನೆ ತೆಗೆಯಲೇ ಇಲ್ಲ. ಕಡೆಗೆ ಗುಂಡಿ ಒತ್ತಿದವಳು ನಾನು.