ಡಬ್ಬಿಯ ತಳದ ಗುಂಡುಕಲ್ಲು

ನಮ್ಮ ಗೇಟಿನ ಹೊರಗೆ ನಿಲ್ಲುವ ಹಸಿರು ಕಸದ ಡಬ್ಬಿಗೆ, ಒಳಗೆ ನಾಲ್ಕು ಬಾಳೆಹಣ್ಣಿನ ಸಿಪ್ಪೆ ಇಲ್ಲದ ದಿನ ತೂಕವೆಂಬುದೇ ಇಲ್ಲ. ನೀವು ನಗುತ್ತೀರೆಂದು ಗೊತ್ತಿದ್ದೂ ಹೇಳುತ್ತೇನೆ, ನಾನು ಆ ಡಬ್ಬಿಗೆ ಹೆದರುವವನು. ಮಲ್ಕಾಜ್‌ಗಿರಿಯ ನಮ್ಮ ಗಲ್ಲಿ ಸ್ಟೇಷನ್ನಿನ ಕಡೆಗೆ ಇಳಿಜಾರು. ಮೇ ತಿಂಗಳ ಸಂಜೆ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿ, ಮಳೆಗಿಂತ ಮೊದಲೇ ಗಾಳಿ ನುಗ್ಗಿತೆಂದರೆ ಡಬ್ಬಿ ಉರುಳೀತೆಂದು ಕಿಟಕಿಗೆ ಓಡುತ್ತೇನೆ. ಒಮ್ಮೆ ಹೀಗೇ ಉರುಳಿಹೋದ ಡಬ್ಬಿ ಸ್ಕೂಟಿಯಲ್ಲಿ ಬರುತ್ತಿದ್ದ ಹೆಂಗಸೊಬ್ಬರಿಗೆ ಅಡ್ಡ ಬಂತು. ಬೀಳದೆ ಉಳಿದದ್ದು ಆಕೆಯ ಪುಣ್ಯ, ನನ್ನದೂ. ಆಕೆ ತೆಲುಗಿನಲ್ಲಿ ಬಾಯ್ತುಂಬ ಬೈದದ್ದನ್ನು ಮರೆತಿದ್ದೇನೆ. ನೆಲಕ್ಕೂರಿದ ಆಕೆಯ ಕಾಲು ನಡುಗುತ್ತಿದ್ದುದನ್ನು ಮರೆತಿಲ್ಲ.

ಅಂದೇ ಉಪಾಯವೊಂದು ಹೊಳೆಯಿತು. ಮಿಕ್ಸಿ ಬಂದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿವೃತ್ತಜೀವನ ನಡೆಸುತ್ತಿದ್ದ ರುಬ್ಬುವ ಗುಂಡುಕಲ್ಲನ್ನು ಡಬ್ಬಿಯ ತಳಕ್ಕಿಳಿಸಿ, ಮೇಲೆ ಕಸದ ಚೀಲವಿಟ್ಟೆ. ಗಾಳಿ ಬೀದಿಯನ್ನೆಲ್ಲ ಗುಡಿಸಿದರೂ ಡಬ್ಬಿ ಮಿಸುಕಲಿಲ್ಲ. ನಾನು ನಿಶ್ಚಿಂತೆಯಿಂದ ಮಲಗಿದೆ. ಕಲ್ಲಿರುವುದನ್ನು ಯಾರಿಗಾದರೂ ಹೇಳಬೇಕೆಂದು ತೋಚಲೇ ಇಲ್ಲ.

ಕಸದ ಆಟೊ ತರುವವರು ಯಾದಗಿರಿ ಕಡೆಯ ಶಾಂತಮ್ಮ, ಆಕೆಯ ಗಂಡ ಮಲ್ಲಪ್ಪ. ಆಕೆ ಡಬ್ಬಿಯನ್ನು ತಲೆಯ ಮೇಲಕ್ಕೆತ್ತಿ ಬೋರಲು ಹಾಕುತ್ತಾಳೆ. ಆತ ಆಟೊದೊಳಗೆ ಕುಕ್ಕರಗಾಲಿನಲ್ಲಿ ಕುಳಿತು ಹಸಿ ಒಣ ಬೇರ್ಪಡಿಸುತ್ತಾನೆ. ಮರುದಿನ ಬೆಳಿಗ್ಗೆ ನಾನು ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದೆ. ಮಳೆನೀರು ನಿಂತು ಭಾರವಾಗಿದೆಯೆಂದುಕೊಂಡು ಆಕೆ ಡಬ್ಬಿಯನ್ನು ಉಸಿರುಕಟ್ಟಿ ಎತ್ತಿದಳು. ಆಗ ನನಗೆ ಕಲ್ಲು ನೆನಪಾಯಿತು. ಬಾಯೊಳಗಿನ ನೊರೆ ಉಗುಳಿ ಕೂಗುವಷ್ಟರಲ್ಲಿ ಡಬ್ಬಿ ಬೋರಲಾಗಿತ್ತು. ಮೊದಲು ಚೀಲ ಬಿತ್ತು, ಹಿಂದೆಯೇ ಕಲ್ಲು. ಯಾವುದೋ ಬಾಟಲಿಗೆಂದು ಮಲ್ಲಪ್ಪ ಆಗಷ್ಟೇ ಪಕ್ಕಕ್ಕೆ ಬಾಗಿದ್ದ. ಅವನ ತಲೆಯಿದ್ದ ಜಾಗವನ್ನು ಹಾದು ಕಲ್ಲು ತಗಡಿಗೆ ಬಡಿಯಿತು.

ಕೆಳಗೋಡಿದೆ. ಶಾಂತಮ್ಮನ ತುಟಿ ಬಿಳಿಚಿತ್ತು. “ಗಾಳಿಗಿ ಹೆದರಿ ಹಾಕೀರೇನ್ರಿ ಸರ? ನಮಗೊಂದ್ ಮಾತ ಹೇಳಬೇಕಿಲ್ರಿ? ಕೆಳಗ ನನ್ನ ಗಂಡ ಕುಂತಿರ್ತಾನ್ರಿ.”

ಮಲ್ಲಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟ. “ತೊಳದ್ ಇಟ್ಕೋರಿ. ಅಡಿಗಿಗಿ ಬರ್ತದ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆದರುವವನು ಪಾಪದವನೆಂದು ನಾವೆಲ್ಲ ನಂಬಿರುತ್ತೇವೆ, ನಾನೂ ನಂಬಿದ್ದೆ. ಆದರೆ ನನ್ನ ಭಯವನ್ನು ನನ್ನ ತಲೆಯಿಂದ ಇಳಿಸುವ ಆತುರದಲ್ಲಿ ಅದನ್ನು ಯಾರ ತಲೆಯ ಮೇಲೆ ಇಡುತ್ತಿದ್ದೇನೆಂದು ನೋಡಿರಲಿಲ್ಲ. ಕಲ್ಲಿಡುವಾಗ ಆ ಸ್ಕೂಟಿಯ ಹೆಂಗಸು ಕಣ್ಣೆದುರು ನಿಂತಿದ್ದರು. ದಿನಾ ಬರುವ ಮಲ್ಲಪ್ಪ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ನನ್ನದೇ ಭಯ.

ಶಾಂತಮ್ಮ ಹಳೆಯ ಸೀರೆಯ ಅಂಚಿನಿಂದ ಡಬ್ಬಿಯ ಹಿಡಿಯನ್ನು ಗೇಟಿಗೆ ಕಟ್ಟಿ ತೋರಿಸಿದಳು. “ಎಮ್ಮಿ ಕಟ್ಟೂ ಗಂಟ್ರಿ ಇದು. ಅದು ಜಗ್ಗಿದ್ರ ಬಿಗೀತದ, ನಾವ್ ಈ ತುದಿ ಜಗ್ಗಿದ್ರ ಬಿಚ್ಚತದ.”

ಈಗ ಎಂಥ ಗಾಳಿ ಬಂದರೂ ಡಬ್ಬಿ ಗೇಟಿಗೆ ಆತುಕೊಂಡು ಇದ್ದಲ್ಲೇ ಇರುತ್ತದೆ. ಆದರೂ ಬೆಳಿಗ್ಗೆ ಆಟೊದ ಸದ್ದು ಕೇಳುವ ಮುನ್ನ ಇಳಿದುಹೋಗಿ, ಚೀಲವನ್ನು ಸರಿಸಿ, ತಳದವರೆಗೆ ಕೈ ಹಾಕಿ ತಡಕುತ್ತೇನೆ. ಏನೂ ಇರುವುದಿಲ್ಲ. ಶಾಂತಮ್ಮ ನಗುತ್ತಾಳೆ, ತುದಿ ಜಗ್ಗಿ ಗಂಟು ಬಿಚ್ಚುತ್ತಾಳೆ, ಡಬ್ಬಿ ಎತ್ತುತ್ತಾಳೆ. ಒಳಗೆ ಕುಳಿತ ಮಲ್ಲಪ್ಪನೂ ನನ್ನನ್ನು ನೋಡಿ ನಗುತ್ತಾನೆ. ನಗುತ್ತಲೇ ಒಂದು ಕೈಯನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ.